ಪ್ಲವರ್ ಹಡಗಿನ ಸಾಕ್ಷಿಗಳು

ಥೇಮ್ಸ್ ನದಿಯಲ್ಲಿ ಹುಟ್ಟು ಹಾಕುವವನ ಬೆನ್ನು ಹೋಗುವ ದಿಕ್ಕಿಗಿರುತ್ತದೆ, ಮುಖ ದೋಣಿಯಲ್ಲಿ ಕೂತವರ ಕಡೆಗಿರುತ್ತದೆ. ಹಾಗಾಗಿ ಈ ನದಿಯಲ್ಲಿ ಆಯಸ್ಸು ಕಳೆದ ನಾನು ದಡಗಳಿಗಿಂತ ಹೆಚ್ಚಾಗಿ ನೋಡಿದ್ದು ಜನರ ಮುಖಗಳನ್ನು. ಆ್ಯಂಬ್ರೋಸ್ ಟ್ರೆಗಿಯರ್‌ನ ಮುಖವನ್ನಂತೂ ಚೆನ್ನಾಗಿ ಬಲ್ಲೆ ಎಂದುಕೊಂಡಿದ್ದೆ. ವ್ಯಾಪಿಂಗ್‌ನ ನಮ್ಮ ಓಣಿಯಲ್ಲಿ ಅವನ ಮನೆಗೂ ನನ್ನ ಮನೆಗೂ ನಡುವೆ ಇದ್ದದ್ದು ಬರೀ ಹಲಗೆಯ ಗೋಡೆ. ಅವನು ಕೆಮ್ಮಿದರೆ ನನಗೆ ಎಚ್ಚರವಾಗುತ್ತಿತ್ತು.

‘ಪ್ಲವರ್’ ಹಡಗು ವರ್ಜೀನಿಯಾದಿಂದ ಹಿಂತಿರುಗಿದ ದಿನ ಅವನ ಹೆಂಡತಿ ಪೆಟ್ರೊನೆಲ್‌ಳನ್ನು ಹಡಗಿನ ಬಳಿಗೆ ಕರೆದೊಯ್ದವನು ನಾನೇ. ಆ್ಯಂಬ್ರೋಸ್ ಅದರಲ್ಲಿ ಖಲಾಸಿಗಳ ಮೇಸ್ತ್ರಿ. ಹಗ್ಗದ ಏಣಿಯಿಂದ ಇಳಿದು ಬಂದವನನ್ನು ನೋಡಿ ಪೆಟ್ರೊನೆಲ್, “ನಮ್ಮನೆಯವ್ರು ಎಲ್ಲಿ?” ಎಂದು ಅವನನ್ನೇ ಕೇಳಿದಳು. ಅಷ್ಟು ಸೊರಗಿಹೋಗಿದ್ದ. ಮನೆಗೆ ಬಂದವನು ಬೂಟು ಕೂಡ ಬಿಚ್ಚದೆ ಹೂಜಿ ಎತ್ತಿ ನಿಂತಲ್ಲೇ ಗಟಗಟ ನೀರು ಕುಡಿದ. ವಸಂತ ಮುಗಿಯುವವರೆಗೂ ಹಾಸಿಗೆಯ ಪಕ್ಕದಲ್ಲಿ ಒಂದು ಬಿಂದಿಗೆ ಇಟ್ಟುಕೊಂಡೇ ಮಲಗುತ್ತಿದ್ದನಂತೆ. ಯಾಕೆಂದು ಕೇಳಿದರೆ, “ಸುಮ್ನಿರೇ” ಎನ್ನುತ್ತಿದ್ದನಂತೆ.

ಹಡಗಿನ ಯಜಮಾನ ಖಲಾಸಿಗಳಿಗೆ ಸಂಬಳ ಕೊಡಲಿಲ್ಲ. ತಂದ ಹೊಗೆಸೊಪ್ಪಿನಲ್ಲಿ ಅರ್ಧ ಉಪ್ಪುನೀರು ಕುಡಿದು ಕೊಳೆತಿತ್ತು. ನೀವು ಸರಿಯಾಗಿ ನೋಡಿಕೊಳ್ಳಲಿಲ್ಲ, ನಷ್ಟ ನಿಮ್ಮ ಸಂಬಳದಲ್ಲೇ ವಜಾ ಎಂದುಬಿಟ್ಟ. ಕಪ್ತಾನ ರೂಬೆನ್ ಸ್ಟಾಕರ್ ಅದಕ್ಕೆ ಹೌದೆಂದು ತಲೆಯಾಡಿಸಿದ. ಹಡಗಿನ ಹಲಗೆಗಳ ಸಂದು ಬಿಟ್ಟಿದೆ, ರಿಪೇರಿ ಮಾಡಿಸಿ ಎಂದು ಹೋಗುವಾಗಲೇ ಆ್ಯಂಬ್ರೋಸ್ ಬೇಡಿಕೊಂಡಿದ್ದು ಅವನ ಹತ್ತಿರವೇ. ಖಲಾಸಿಗಳು ರೊಚ್ಚಿಗೆದ್ದು ನೌಕಾ ನ್ಯಾಯಾಲಯಕ್ಕೆ ಹೋದರು. ನ್ಯಾಯಾಲಯದ ಅಧಿಕಾರಿ ಬಂದು ದೊಡ್ಡ ಹಾಯಿಕಂಬಕ್ಕೆ ಜಪ್ತಿಯ ಆಜ್ಞೆಯನ್ನು ಮೊಳೆ ಹೊಡೆದು ಹೋದ. ಮೊಳೆ ಹೊಡೆದದ್ದಷ್ಟಕ್ಕೇ ನಮ್ಮ ಓಣಿಯವರೆಲ್ಲ ಗೆದ್ದೇಬಿಟ್ಟಂತೆ ಕುಡಿದರು.

ಆದರೆ ಅವರ ವಕೀಲ ನಿರುತ್ಸಾಹದ ಮನುಷ್ಯ. “ನೀವೆಲ್ಲ ಸಂಬಳ ಬರಬೇಕಾದವರು, ನಿಮ್ಮ ಮಾತಿಗೆ ತೂಕ ಕಮ್ಮಿ. ಹಡಗಿನಲ್ಲಿ ಇದ್ದು, ಈ ಸಂಬಳದಲ್ಲಿ ಪಾಲಿಲ್ಲದವರು ಯಾರಾದರೂ ಇದ್ದರೆ ಹೇಳಿ” ಎಂದ.

ಅಂಥವಳು ಒಬ್ಬಳೇ ಇದ್ದಳು. ತಾಮ್ಸಿನ್ ಹ್ಯಾಲೆಟ್. ಡಾರ್ಸೆಟ್ ಕಡೆಯವಳು. ಗಂಡ ಮತ್ತು ತಂಗಿಯ ಜೊತೆ ವರ್ಜೀನಿಯಾಕ್ಕೆಂದು ಹೊರಟು, ಒಂಟಿಯಾಗಿ ಅದೇ ಹಡಗಿನಲ್ಲಿ ವಾಪಸು ಬಂದವಳು. ಅವಳ ಹೆಸರೆತ್ತಿದಾಗ ಆ್ಯಂಬ್ರೋಸ್ ನೆಲ ನೋಡಿದನಂತೆ. ಉಳಿದವರು ಬಿಡಲಿಲ್ಲ. “ನೀನೇ ಮೇಸ್ತ್ರಿ, ನೀನೇ ಹೋಗಿ ಕೇಳು” ಎಂದರು.

ಆಕೆ ಆಗ ದಕ್ಷಿಣ ದಡದ ಸದರ್ಕ್‌ನಲ್ಲಿ ಬಟ್ಟೆ ಒಗೆಯುವ ಒಂದು ಮನೆಯಲ್ಲಿ ಕೆಲಸಕ್ಕಿದ್ದಳು. ಆ್ಯಂಬ್ರೋಸ್, ಪೆಟ್ರೊನೆಲ್ ಇಬ್ಬರನ್ನೂ ನಾನೇ ಕರೆದೊಯ್ದೆ. ಪೆಟ್ರೊನೆಲ್ ಒಂದು ಹೊಸ ರೊಟ್ಟಿಯನ್ನೂ ಗಿಣ್ಣಿನ ಚೂರನ್ನೂ ಬಟ್ಟೆಯಲ್ಲಿ ಕಟ್ಟಿಕೊಂಡಿದ್ದಳು. ತಾಮ್ಸಿನ್ ನದಿಯ ಮೆಟ್ಟಿಲ ಮೇಲೆಯೇ ಒದ್ದೆ ಹಾಸುಬಟ್ಟೆ ಹಿಂಡುತ್ತಿದ್ದಳು. ಎತ್ತರದ ಹೆಂಗಸು, ಮೊಣಕೈವರೆಗೂ ಕೆಂಪಗೆ ಬೆಂದ ಕೈ. ದೋಣಿಯಲ್ಲಿದ್ದ ಆ್ಯಂಬ್ರೋಸ್‌ನನ್ನು ಕಂಡದ್ದೇ ಹಿಂಡುವುದನ್ನು ನಿಲ್ಲಿಸಿದಳು.

“ಬಂದ್ಯಾ? ಬಾ. ಇಲ್ಲಿ ಬೇಕಾದಷ್ಟು ನೀರಿದೆ” ಎಂದಳು.

ಆ್ಯಂಬ್ರೋಸ್ ಏಳಲಿಲ್ಲ. ಪೆಟ್ರೊನೆಲ್ ಇಳಿದು ಹೋಗಿ ರೊಟ್ಟಿ ಮುಂದಿಟ್ಟು, ಬಂದ ವಿಷಯವನ್ನು ತೊದಲುತ್ತ ಹೇಳಿದಳು.

“ನಿನ್ನ ಗಂಡ ಆ ಹಡಗಿನಲ್ಲಿ ಏನು ಮಾಡ್ದ ಅಂತ ನಿಂಗೆ ಹೇಳಿದಾನಾ, ತಾಯಿ?”

“ಇಲ್ಲಮ್ಮ. ಅವ್ರು ಏನೂ ಹೇಳಲ್ಲ.”

“ಹಾಗಾದ್ರೆ ನಾನು ಹೇಳ್ತೀನಿ ಕೇಳು.”

ಅವಳು ಹೇಳಿದ್ದನ್ನು ನಾನೂ ಕೇಳಿಸಿಕೊಂಡೆ. ಊಟ, ನೀರು ಎಲ್ಲಕ್ಕೂ ಸೇರಿಸಿ ಅವಳ ಗಂಡ ಗೈಲ್ಸ್ ಮೊದಲೇ ಕಪ್ತಾನನಿಗೆ ಹಣ ಕಟ್ಟಿದ್ದ. ಆದರೆ ನೀರಿನ ಪೀಪಾಯಿ ಇಡಬೇಕಾದ ಜಾಗದಲ್ಲಿ ಸ್ಟಾಕರ್ ತನ್ನ ಸ್ವಂತ ವ್ಯಾಪಾರದ ಬ್ರಾಂಡಿ ಪೀಪಾಯಿಗಳನ್ನು ತುಂಬಿಸಿಕೊಂಡಿದ್ದ. ಸಮುದ್ರದ ನಡುವೆ ನೀರು ಕಡಿಮೆಯಾದಾಗ ಮೊದಲು ಕೈಬಿಟ್ಟದ್ದು ಕೆಳಗಿನ ಅಂತಸ್ತಿನ ಪ್ರಯಾಣಿಕರನ್ನು. ಹುಳ ಬಿದ್ದ ಬಿಸ್ಕತ್ತು, ನಾಲಿಗೆ ಒದ್ದೆಯಾಗುವಷ್ಟು ನೀರು. ಕಾಯಿಲೆ ಹತ್ತಿತು. ಮೇಲೆ ಹತ್ತಿ ಬಂದು ಗಲಾಟೆ ಮಾಡಬಾರದೆಂದು ಸ್ಟಾಕರ್ ಏಣಿಯ ಕಂಡಿಗೆ ಮುಚ್ಚಳ ಹಾಕಿಸಿಬಿಟ್ಟ. ಅವಳ ತಂಗಿ ಏವಿಸ್‌ಗೆ ಜ್ವರ. ಅವಳಿಗೊಂದು ಗುಟುಕು ನೀರು ಕೇಳಲು ಗೈಲ್ಸ್ ಏಣಿ ಹತ್ತಿ ಹೋಗಿ ಮುಚ್ಚಳ ಗುದ್ದಿದ. ಮುಚ್ಚಳ ಸ್ವಲ್ಪ ತೆರೆಯಿತು. ಏನೋ ಮಾತಾಯಿತು. ಮತ್ತೆ ಮುಚ್ಚಿಕೊಂಡಿತು, ಅವನ ಬೆರಳುಗಳ ಮೇಲೆಯೇ. ಏವಿಸ್ ಮರುದಿನ ಹೋದಳು. ಅದೇ ವಾರ ಗೈಲ್ಸ್ ಕೂಡ.

“ಮುಚ್ಚಳದ ಸಂದಿನಲ್ಲಿ ನಾನು ನೋಡಿದ್ದು ಇವನ ಮುಖ” ಎಂದು ಅವಳು ದೋಣಿಯತ್ತ ಗದ್ದ ಎತ್ತಿ ತೋರಿಸಿದಳು.

ಪೆಟ್ರೊನೆಲ್ ಗಂಡನ ಕಡೆ ತಿರುಗಿದಳು. ಅವನು ದೋಣಿಯ ತಳ ನೋಡುತ್ತಿದ್ದ. ರೊಟ್ಟಿಯ ಗಂಟನ್ನು ವಾಪಸು ತೆಗೆದುಕೊಳ್ಳುವುದೋ ಬಿಡುವುದೋ ತಿಳಿಯದೆ ಅವಳು ನಿಂತಿದ್ದಳು.

ತಾಮ್ಸಿನ್ ಬಟ್ಟೆಯನ್ನು ಬುಟ್ಟಿಗೆ ಹಾಕಿ ಕೈ ಒರೆಸಿಕೊಂಡಳು. “ವಾಪಸು ಬರುವಾಗ ಆಳು ಸಾಲದೆ, ಒಳಗೆ ನುಗ್ಗಿದ ನೀರೆತ್ತೋಕೆ ನನ್ನ ಕೈಲೂ ಪಂಪು ಹೊಡೆಸಿದ್ರು. ಇವನ ಪಕ್ಕದಲ್ಲೇ ನಿಂತು ಹೊಡೆದಿದೀನಿ. ಹಲಗೆ ಸಂದಿಗೆ ನಾರು ತುಂಬಿಸೋಣ ಅಂತ ಇವ್ನು ಕಪ್ತಾನನ ಕಾಲು ಹಿಡಿದದ್ದೂ ನೋಡಿದೀನಿ. ಹೊಗೆಸೊಪ್ಪು ಕೊಳೆತದ್ದು ಇವರ ತಪ್ಪಲ್ಲ. ಕಂಡದ್ದನ್ನ ಕಂಡ ಹಾಗೆ ಹೇಳೋಕೆ ನಂಗೇನು? ಬಂದು ಹೇಳ್ತೀನಿ. ಆಮೇಲೆ ನಾನೂ ಆ ಸ್ಟಾಕರ್ ಮೇಲೆ ವ್ಯಾಜ್ಯ ಹೂಡ್ತೀನಿ. ಆಗ ಇವ್ನು ಬಂದು ತಾನು ಕಂಡದ್ದು ಹೇಳ್ಬೇಕು. ಆಗುತ್ತಾ ಕೇಳು.”

“ಆಗ್ಲಿ” ಎಂದ ಆ್ಯಂಬ್ರೋಸ್. ಆ ದಿನ ಅವನು ಆಡಿದ್ದು ಅದೊಂದೇ ಮಾತು.

ಅವಳು ಮಾತಿನಂತೆ ನಡೆದುಕೊಂಡಳು. ಸಾಕ್ಷಿ ಬರೆಸುವ ಕೋಣೆಗೆ ಒಬ್ಬೊಬ್ಬರನ್ನೇ ಕರೆದು, ಪ್ರಶ್ನೆ ಕೇಳಿ, ಹೇಳಿದ್ದನ್ನು ಬರೆದುಕೊಳ್ಳುತ್ತಾರೆ. ಅಲ್ಲಿ ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಬೇಸಿಗೆಯ ಕೊನೆಗೆ ತೀರ್ಪು ಖಲಾಸಿಗಳ ಪರವಾಯಿತು. ಓಣಿಯಲ್ಲಿ ಸಾಲ ತೀರಿತು, ಅಡವಿಟ್ಟ ಕಂಬಳಿಗಳು ಮನೆ ಸೇರಿದವು. ಅಷ್ಟರಲ್ಲಿ ಪೆಟ್ರೊನೆಲ್ ಬಸುರಿ. ಹಿಂದೆ ಎರಡು ಕೂಸು ದಕ್ಕಿರಲಿಲ್ಲ. ಈ ಸಲ ಅವಳು ಮೆಟ್ಟಿಲನ್ನು ಕೂಡ ಹೆದರಿ ಹೆದರಿ ಇಳಿಯುತ್ತಿದ್ದಳು.

ಸ್ಟಾಕರ್ ಮೇಲೂ ಹಡಗಿನ ಮೇಲೂ ತಾಮ್ಸಿನ್‌ಳ ವ್ಯಾಜ್ಯ ಶುರುವಾಯಿತು. ಜಪ್ತಿಯಾದ ಹಡಗು ಇನ್ನೂ ಕಟ್ಟಿಹಾಕಿದಂತೆಯೇ ಇತ್ತು. ಆ್ಯಂಬ್ರೋಸ್ ಸಾಕ್ಷಿ ಹೇಳುವ ದಿನ ಹತ್ತಿರ ಬರುತ್ತಿದ್ದಂತೆ ಒಂದು ಭಾನುವಾರ, ಇಗರ್ಜಿ ಬಿಟ್ಟ ಮೇಲೆ, ಸ್ಟಾಕರ್ ಅವನ ಮನೆಗೆ ಬಂದ. ನಾನು ಗೋಡೆಯ ಈಚೆ ಹಾವುಮೀನಿನ ಸಾರಿಗೆ ರೊಟ್ಟಿ ಅದ್ದುತ್ತಿದ್ದೆ. ಕದ್ದು ಕೇಳಬೇಕಾಗಿಯೇ ಇರಲಿಲ್ಲ.

“ಸಂಬಳ ಬಂತಲ್ಲ ಮೇಸ್ತ್ರಿ, ಸಂತೋಷ. ನಂಗೇನೂ ಹೊಟ್ಟೆಯುರಿ ಇಲ್ಲ. ಆದ್ರೆ ಆ ಅಗಸಗಿತ್ತಿಯ ವ್ಯಾಜ್ಯಕ್ಕೆ ನೀನ್ಯಾಕಪ್ಪ ತಲೆ ಕೊಡ್ತೀಯ?”

“ಮಾತು ಕೊಟ್ಟಿದೀನಿ, ಕಪ್ತಾನರೇ.”

“ಏನಂತ ಹೇಳ್ತೀಯ? ಮುಚ್ಚಳ ಹಾಕಿದ್ಯಾರು ಅಂತ ಕೇಳ್ತಾರೆ. ನಾನು ನನ್ನ ಕೋಣೇಲಿದ್ದೆ.”

“ನೀವು ಹೇಳಿದ್ರಿ, ನಾನು ಹಾಕ್ದೆ.”

“ನಾನು ಹೇಳಿದ್ದು ಕೇಳಿಸ್ಕೊಂಡೋರು ಯಾರಿದಾರೆ? ನೀನು ಹಾಕಿದ್ದನ್ನ ಮಾತ್ರ ಎಲ್ಲರೂ ನೋಡಿದಾರೆ.” ಆಮೇಲೆ ಕಪ್ತಾನನ ದನಿ ಮೆತ್ತಗಾಯಿತು. “ಗ್ರೇವ್ಸೆಂಡ್‌ನಲ್ಲಿ ನಮ್ಮ ಭಾವಮೈದುನನ ಹಡಗು ಲಿಸ್ಬನ್‌ಗೆ ಹೊರಡ್ತಾ ಇದೆ. ಮೇಸ್ತ್ರಿ ಬೇಕಂತೆ. ಒಳ್ಳೇ ಹಡಗು. ಯೋಚ್ನೆ ಮಾಡು. ಮನೇಲಿ ಬಸುರಿ ಬೇರೆ.”

ಎರಡು ದಿನ ಕಳೆದು ಮುಂಜಾನೆ ಪೆಟ್ರೊನೆಲ್ ಹಲಗೆ ಗೋಡೆಯನ್ನು ದಬದಬ ಬಡಿದಳು. “ಅಣ್ಣಾ, ಎದ್ದೇಳು! ಇವ್ರು ಪೆಟ್ಟಿಗೆ ತಗೊಂಡು ಹೋಗಿಬಿಟ್ಟಿದಾರೆ. ದೋಣಿ ತೆಗಿ!”

“ಹೋಗ್ಲಿ ಬಿಡಮ್ಮ. ಗಂಡಸು ದುಡಿಯೋಕೆ ಹೋದ್ರೆ ತಪ್ಪೇನು?” ಎಂದೆ, ಹೊರಗೆ ಬಂದು ಅವಳ ಹೊಟ್ಟೆ ನೋಡಿ.

“ಆ ಹೆಂಗಸಿನ ಮಾತಿಂದ ಬಂದ ದುಡ್ಡಲ್ಲಿ ನಾನು ಉಣ್ತಾ ಇದೀನಿ. ಗಂಟಲಲ್ಲಿ ಇಳೀತಿಲ್ಲ. ತೆಗಿ ಅಂದ್ರೆ ತೆಗಿ!”

ಮೊದಲು ಸದರ್ಕ್‌ಗೆ ಹೋಗಿ ತಾಮ್ಸಿನ್‌ಳನ್ನು ಹತ್ತಿಸಿಕೊಂಡೆವು. ವಿಷಯ ಹೇಳಿದರೆ ಅವಳು ಬೈಯಲಿಲ್ಲ, ಆಶ್ಚರ್ಯವನ್ನೂ ಪಡಲಿಲ್ಲ. ಸೊಂಟಕ್ಕೆ ಕಟ್ಟಿದ್ದ ಒದ್ದೆ ಮುಂಗವಚ ಬಿಚ್ಚಿ ಮಡಿಸಿಟ್ಟು ಬಂದು ಕೂತಳು. ಇಳಿತದ ನೀರು ನಮ್ಮನ್ನು ಸೆಳೆದುಕೊಂಡು ಹೋಯಿತು. ಇಬ್ಬರೂ ನನ್ನೆದುರಿಗೇ ಕೂತಿದ್ದರು, ಒಬ್ಬರ ಮುಖ ಒಬ್ಬರು ನೋಡದೆ. ಗ್ರೀನಿಚ್ ದಾಟಿದ ಮೇಲೆ ಚಳಿಗಾಳಿ ಬೀಸಿತು. ತಾಮ್ಸಿನ್ ತನ್ನ ಶಾಲನ್ನು ತೆಗೆದು, ಕೇಳದೆ ಹೇಳದೆ, ಪೆಟ್ರೊನೆಲ್‌ಳ ಮಡಿಲಿಗೆ ಎಸೆದಳು.

ಗ್ರೇವ್ಸೆಂಡ್‌ನಲ್ಲಿ ಆ ಹಡಗು ಲಂಗರು ಎತ್ತುವ ತಯಾರಿಯಲ್ಲಿತ್ತು. ಬಳಿಗೆ ಹೋಗುತ್ತಿದ್ದಂತೆ ಹಡಗಿನ ಅಂಚಿನ ಕಟಕಟೆಯ ಮೇಲೆ ತಲೆಗಳು ಸಾಲುಗಟ್ಟಿದವು.

“ಏಯ್ ಮುದುಕ! ಇಬ್ಬಿಬ್ಬರನ್ನ ಹೇರ್ಕೊಂಡು ಬಂದಿದೀಯಲ್ಲ, ಸಂತೆಗಾ?”

“ನಿನ್ನಂಥ ಕೋತಿಗಳನ್ನ ತೋರಿಸೋಕೆ ಕರ್ಕೊಂಡು ಬಂದೆ, ಕಾಸು ಕೊಟ್ಟಿದಾರೆ!” ಎಂದೆ. ಮೇಲೆ ನಗು.

ಆ್ಯಂಬ್ರೋಸ್‌ನ ತಲೆಯೂ ಕಾಣಿಸಿತು. ಪೆಟ್ರೊನೆಲ್ ದೋಣಿ ಅಲ್ಲಾಡುವಂತೆ ಎದ್ದು ನಿಂತಳು. “ಇಳೀರಿ ಕೆಳಗೆ! ಊರಿಗೆಲ್ಲ ಮುಖ ಹೇಗೆ ತೋರಿಸ್ಲಿ ನಾನು? ನಾಲ್ಕು ಜನದ ಎದುರಿಗೆ ಆಡಿದ ಮಾತು ಅದು!”

“ಮನೆಗೆ ಹೋಗು, ಪೆಟ್ರೊನೆಲ್. ನಿಂಗೆ ಗೊತ್ತಾಗಲ್ಲ.”

“ಗೊತ್ತಾಗೋ ಹಾಗೆ ನೀವ್ಯಾವತ್ತು ಹೇಳಿದೀರಿ?”

ಮೇಲಿನವರು ಕೇಕೆ ಹಾಕಿದರು. ಯಾರೋ, “ಮೇಸ್ತ್ರಿ, ಹೆಂಡ್ತಿಗೂ ಒಂದು ಪೀಪಾಯಿ ಜಾಗ ಮಾಡೋಣ್ವಾ?” ಎಂದ. ಆ್ಯಂಬ್ರೋಸ್ ಹಿಂದಕ್ಕೆ ಸರಿಯುವುದರಲ್ಲಿದ್ದ. ಆಗ ತಾಮ್ಸಿನ್ ಕೂತಲ್ಲಿಂದಲೇ ತಲೆಯೆತ್ತಿ ಕೇಳಿದಳು.

“ಗೈಲ್ಸ್ ಏನಂದ?”

ಆ್ಯಂಬ್ರೋಸ್ ನಿಂತ.

“ನಾನು ಕೆಳಗೆ ಏವಿಸ್‌ಳ ತಲೆ ಹಿಡ್ಕೊಂಡಿದ್ದೆ. ನಂಗೆ ಕೇಳಿಸ್ಲಿಲ್ಲ. ಇಳಿದು ಬಂದ್ಮೇಲೆ ಅವ್ನು ಬಾಯೇ ಬಿಡ್ಲಿಲ್ಲ, ಸಾಯೋವರೆಗೂ. ನಿನ್ನ ಸಾಕ್ಷಿ ಹಾಳಾಗಿ ಹೋಗ್ಲಿ. ನೀನು ಲಿಸ್ಬನ್‌ಗಾದ್ರೂ ಹೋಗು, ಎಲ್ಲಿಗಾದ್ರೂ ಹೋಗು. ಅವ್ನು ನಿನ್ನ ಹತ್ರ ಏನಂದ, ಅಷ್ಟು ಹೇಳಿ ಹೋಗು.”

ಕಟಕಟೆಯ ಮೇಲಿನ ನಗು ಒಂದೊಂದಾಗಿ ಆರಿತು. ಆ್ಯಂಬ್ರೋಸ್, “ಅದು ಕೂಗಿ ಹೇಳೋ ಮಾತಲ್ಲಮ್ಮ” ಎಂದವನೇ ಕಟಕಟೆ ದಾಟಿ ಹಗ್ಗ ಹಿಡಿದು ಇಳಿದ. ದೋಣಿಯ ತುದಿಯಲ್ಲಿ, ನನ್ನ ಬೆನ್ನ ಹಿಂದೆ ಕೂತ. ಅವನ ಮುಖ ನನಗೆ ಕಾಣಲಿಲ್ಲ. ಕೇಳಿಸುತ್ತಿದ್ದುದು ದನಿ ಮಾತ್ರ.

“ಬೈದ. ಮೊದ್ಲು ಬೇಡ್ಕೊಂಡ, ಹುಡುಗಿ ಸಾಯ್ತಾ ಇದಾಳೆ ಅಂದ. ಕಪ್ತಾನರ ಅಪ್ಪಣೆ ಇಲ್ಲ ಅಂದೆ. ಅದು ನಿಜಾನೇ. ಆದ್ರೆ ಸೊಂಟಕ್ಕೆ ಕಟ್ಟಿದ್ದ ಬುರುಡೇಲಿ ನನ್ನ ಪಾಲಿನ ನೀರು ಇತ್ತು. ಕಪ್ತಾನರು ನೋಡ್ತಾ ಇರ್ಲಿಲ್ಲ. ಕೊಡಬಹುದಿತ್ತು. ನಂಗೂ ಬಾಯಾರಿತ್ತು, ಕೊಡ್ಲಿಲ್ಲ. ಅವ್ನಿಗೆ ಅದು ಕಾಣಿಸ್ತು. ಆಗ ಬೈದ. ಹಂದಿ ಅಂದ. ನಮ್ಮಮ್ಮನ್ನ ಹಿಡ್ಕೊಂಡು ಬೈದ. ಆಮೇಲೆ... ನಿನ್ನ ಹೊಟ್ಟೇಲಿ ಹುಟ್ಟಿದ್ದೂ ಹೀಗೇ ಬಾಯಿ ಒಣಗಿ ಸಾಯ್ಲಿ ಅಂದ. ಅದನ್ನ ಕೇಳೋಕಾಗ್ದೆ ಮುಚ್ಚಳ ಎಳೆದುಬಿಟ್ಟೆ. ಬೆರಳು ಇದ್ದದ್ದು ನೋಡ್ಲಿಲ್ಲ.”

ಪೆಟ್ರೊನೆಲ್‌ಳ ಎರಡೂ ಕೈ ಶಾಲಿನೊಳಗೆ ಹೊಟ್ಟೆಯ ಮೇಲೆ ಹೋದವು.

ತಾಮ್ಸಿನ್ ನಕ್ಕುಬಿಟ್ಟಳು. “ಗೈಲ್ಸಾ? ಹಂದಿ ಅಂದ್ನಾ?”

“ಅಂದ, ಅಮ್ಮ.”

“ಮದುವೆ ಆದಾಗಿಂದ ಅವನ ಬಾಯಲ್ಲಿ ಒಂದು ಕೆಟ್ಟ ಮಾತು ಬಂದಿರ್ಲಿಲ್ಲ ಕಣಯ್ಯಾ. ಕೈಚೀಲ ಹೊಲಿಯೋವಾಗ ಸೂಜಿ ಚುಚ್ಚಿದ್ರೆ ‘ಅಯ್ಯೋ ದೇವ್ರೇ’ ಅನ್ನೋನು, ಅಷ್ಟೇ. ಇಬ್ಬರ ಪಾಲಿನದ್ದೂ ನಾನೇ ಬೈಕೊಂಡು ಬಂದೆ.” ನಗುತ್ತ ನಗುತ್ತ ಅವಳ ದನಿ ಬಿರಿಯಿತು. ಮೊಣಕಾಲಿಗೆ ಹಣೆ ಒತ್ತಿ, ಬೆನ್ನು ಕುಲುಕುವಂತೆ ಅತ್ತಳು. ನಾವು ಮೂವರೂ ಎಲ್ಲೆಲ್ಲೋ ನೋಡಿದೆವು. ಮೇಲಿಂದ ಯಾರೋ ಮೆಲ್ಲಗೆ, “ಮೇಸ್ತ್ರಿ, ಬರ್ತೀಯೋ ಇಲ್ವೋ?” ಎಂದು ಕೇಳಿದರು.

“ನನ್ನ ಪೆಟ್ಟಿಗೆ ಇಳಿಸಿ” ಎಂದ ಆ್ಯಂಬ್ರೋಸ್.

ಸಾಕ್ಷಿಯ ದಿನ ಅವನು ಕೋಣೆಯೊಳಗೆ ಹೋಗಿ ಬಹಳ ಹೊತ್ತು ಬರಲಿಲ್ಲ. ಹೊರಗೆ ಬಂದಾಗ ಏನು ಹೇಳಿದೆ ಎಂದು ಕೇಳಿದೆ. “ಎಲ್ಲಾ” ಎಂದ. ಸೊಂಟದಲ್ಲಿದ್ದ ನೀರಿನ ವಿಷಯವನ್ನೂ ಬರೆಸಿದ್ದನಂತೆ, ಅದನ್ನು ಯಾರೂ ಕೇಳಿರಲಿಲ್ಲ. ಸ್ಟಾಕರ್‌ನ ವಕೀಲ ಅದನ್ನೇ ಹಿಡಿದುಕೊಂಡು, ಕ್ರೂರಿ ಈ ಮೇಸ್ತ್ರಿ, ನಮ್ಮ ಕಪ್ತಾನರಿಗೆ ಏನೂ ತಿಳಿಯದು ಎಂದು ವಾದಿಸಿದ. ಆ್ಯಂಬ್ರೋಸ್ ಜೈಲಿಗೆ ಹೋಗುವುದು ಖಂಡಿತ ಎಂದು ಓಣಿಯಲ್ಲಿ ಮಾತಾಯಿತು. ಹಡಗಿನವರಲ್ಲಿ ಹೆಚ್ಚಿನವರು ತಮಗೇನೂ ನೆನಪಿಲ್ಲ ಎಂದರು. ಕೊನೆಗೆ ಹಡಗಿನ ಅಡುಗೆಯ ಮುದುಕ ಕಿಟ್ ಡನ್ನೇಜ್ ಒಬ್ಬನೇ ಕುಂಟುತ್ತ ಹೋಗಿ, ಮುಚ್ಚಳ ಹಾಕು ಎಂದು ಕಪ್ತಾನ ಹೇಳಿದ್ದನ್ನು ತಾನು ಕೇಳಿದೆನೆಂದು ಬರೆಸಿ ಬಂದ. “ನಂಗೆ ಇನ್ನು ಯಾವ ಹಡಗು ಕೆಲಸ ಕೊಡುತ್ತೆ? ಹಲ್ಲಿಲ್ಲ, ಕಾಲಿಲ್ಲ. ಹೆದರಿಕೆ ಯಾಕೆ?” ಎಂದು ನನ್ನ ದೋಣಿಯಲ್ಲಿ ನಕ್ಕ.

ಚಳಿಗಾಲದಲ್ಲಿ ತೀರ್ಪು ಬಂತು. ಊಟಕ್ಕೆಂದು ಕಪ್ತಾನ ಪಡೆದ ಹಣವನ್ನೂ ಹಡಗಿನಲ್ಲಿ ತಾಮ್ಸಿನ್ ಕಳೆದುಕೊಂಡ ಸಾಮಾನಿನ ಬೆಲೆಯನ್ನೂ ಹಡಗು ಮಾರಿ ಕೊಡಬೇಕೆಂದಾಯಿತು. ಸತ್ತ ಇಬ್ಬರ ಬಗ್ಗೆ ತೀರ್ಪಿನಲ್ಲಿ ಏನೂ ಇರಲಿಲ್ಲ. ವ್ಯಾಜ್ಯದಲ್ಲಿ ಅದಕ್ಕೆ ಜಾಗವಿಲ್ಲ ಎಂದು ವಕೀಲ ಹೇಳಿದನಂತೆ. ಸ್ಟಾಕರ್ ಬ್ರಿಸ್ಟಲ್ ಕಡೆಗೆ ಹೋದ. ಅಲ್ಲಿ ಅವನಿಗೆ ಬೇರೆ ಹಡಗು ಸಿಕ್ಕಿತೆಂದು ಕೇಳಿದೆ.

ಆ್ಯಂಬ್ರೋಸ್‌ಗೆ ಮಾತ್ರ ಸಿಗಲಿಲ್ಲ. ಕಪ್ತಾನನ ಮೇಲೆ ಸಾಕ್ಷಿ ಹೇಳಿದವನನ್ನು ಯಾವ ಕಪ್ತಾನ ಸೇರಿಸಿಕೊಳ್ಳುತ್ತಾನೆ? ಹೆಂಡದಂಗಡಿಗೆ ಹೋದರೆ ಹಳೆಯ ಜೊತೆಗಾರರು ತಮ್ಮ ಲೋಟ ಎತ್ತಿಕೊಂಡು ಬೇರೆ ಬೆಂಚಿಗೆ ಹೋಗುತ್ತಿದ್ದರು. ಕಲ್ಲಿದ್ದಲಿನ ದೋಣಿಗಳಲ್ಲಿ ಸಲಿಕೆ ಹಿಡಿದ. ಫೆಬ್ರವರಿಯಲ್ಲಿ ಪೆಟ್ರೊನೆಲ್‌ಗೆ ಹೆಣ್ಣು ಕೂಸಾಯಿತು. ಗೋಡೆಯಾಚೆ ಅದು ಅತ್ತರೆ ಸಾಕು, ಆ್ಯಂಬ್ರೋಸ್‌ನ ಕಾಲು ಧಡಕ್ಕನೆ ನೆಲಕ್ಕೆ ಬೀಳುವುದು ಕೇಳಿಸುತ್ತಿತ್ತು. “ಹಾಲು ಕೊಡೇ, ಕೊಡೇ ಬೇಗ!” “ಈಗ ತಾನೇ ಕುಡೀತು ಕಣ್ರೀ, ಮಲಗಿ” ಎನ್ನುತ್ತಿದ್ದಳು ಪೆಟ್ರೊನೆಲ್.

ಊರಿಗೆ ಹೊರಡುವ ಮುನ್ನ ತಾಮ್ಸಿನ್ ನಮ್ಮ ಓಣಿಗೆ ಬಂದಳು. ಶಾಲು ಅವಳಿಗೆ ಬೇಕಿತ್ತು. ಆ್ಯಂಬ್ರೋಸ್ ಕೆಲಸಕ್ಕೆ ಹೋಗಿದ್ದ. ನಾನು ಬಾಗಿಲಲ್ಲಿ ನಿಂತಿದ್ದೆ. ಪೆಟ್ರೊನೆಲ್ ಶಾಲು ಕೊಟ್ಟು, ಕೂಸನ್ನು ಎತ್ತಿ ಅವಳೆದುರು ಹಿಡಿದಳು.

“ನಿಮ್ಮ ಯಜಮಾನ್ರು ಆಡಿದ ಮಾತು ವಾಪಸು ತಗೊಳ್ಳಿ, ಅಕ್ಕ. ನಿಮ್ಮ ಕಾಲಿಗೆ ಬೀಳ್ತೀನಿ.”

“ಅದು ನನ್ನ ಮಾತಲ್ಲ ಕಣಮ್ಮ, ಅವನದ್ದು. ಅವ್ನು ಬಾಯಿ ಬಿಟ್ಟು ಬೈದದ್ದು ಅದೊಂದು ಸಲ. ಅದನ್ನ ನಾನು ಹೇಗೆ ವಾಪಸು ತಗೊಳ್ಳಲಿ?”

ಪೆಟ್ರೊನೆಲ್ ಅಳತೊಡಗಿದಳು. ತಾಮ್ಸಿನ್ ಕೂಸನ್ನು ಅವಳ ಕೈಯಿಂದ ತೆಗೆದುಕೊಂಡು, ತಾಯಿಯ ಅಳು ನಿಲ್ಲುವವರೆಗೂ ಎತ್ತಿಕೊಂಡು ಅಡ್ಡಾಡಿದಳು. ಮತ್ತೆ ಒಪ್ಪಿಸುವಾಗ, “ಗಟ್ಟಿಯಾಗಿದಾಳೆ” ಎಂದಳು, ಅಷ್ಟೇ.

ಗಾಡಿಗಳು ಹೊರಡುವ ಕಡೆಗೆ ಅವಳನ್ನು ಬಿಡಲು ನದಿಯ ಮೇಲೆ ಹೋಗುವಾಗ ದಾರಿಯಲ್ಲಿ ಪ್ಲವರ್ ಸಿಕ್ಕಿತು. ಹೊಸ ಯಜಮಾನ ಹೊಸ ಬಣ್ಣ ಹೊಡೆಸಿ ಬೇರೆ ಹೆಸರಿಟ್ಟಿದ್ದ. ಆದರೂ ಮೂತಿಯ ಬಳಿಯ ಆ ಹಳೆಯ ಹಲಗೆಗಳನ್ನು ಯಾರೂ ಮರೆಯುವಂತಿರಲಿಲ್ಲ. ಪಕ್ಕದ ದೋಣಿಗಳಿಂದ ಪ್ರಯಾಣಿಕರು ಹತ್ತುತ್ತಿದ್ದರು. ಗಂಟುಮೂಟೆ, ಕೋಳಿ ಪಂಜರ, ಒಂದು ಚರಕ.

“ನಿಲ್ಲಿಸು” ಎಂದಳು. ಎದ್ದು ನಿಂತು, ಎರಡೂ ಕೈಯನ್ನು ಬಾಯಿಗೆ ಹಿಡಿದು ಕೂಗಿದಳು. “ನೀರಿನ ಪೀಪಾಯಿ ನೋಡ್ಕೊಳ್ರೋ! ಹತ್ತೋಕೆ ಮುಂಚೆ ಕೆಳಗಿಳಿದು ನೋಡ್ಕೊಳ್ಳಿ! ಬಡಿದು ನೋಡಿ, ಮುಚ್ಚಳ ತೆಗೆಸಿ, ಬಾಯಿಗೆ ಹಾಕ್ಕೊಂಡು ನೋಡಿ!”

“ಯಾರೋ ಹುಚ್ಚಿ” ಎಂದು ಒಬ್ಬ ಖಲಾಸಿ ನಕ್ಕ. ಜನ ಹತ್ತುತ್ತಲೇ ಇದ್ದರು. ಚರಕ ಹೊತ್ತಿದ್ದ ಗಂಡಸೊಬ್ಬ ಮಾತ್ರ ಏಣಿಯ ನಡುವೆ ನಿಂತು, ನಮ್ಮತ್ತ ನೋಡಿ, ಮೇಲಿದ್ದವನನ್ನು ಏನೋ ಕೇಳಿದ. ಕೇಳಿದ್ದೇನು, ಅವನು ಹೇಳಿದ್ದೇನು, ಗಾಳಿಗೆ ನಮಗೆ ಕೇಳಿಸಲಿಲ್ಲ. ಹಿಂದಿನ ದೋಣಿಗಳವರು ದಾರಿ ಬಿಡು ಎಂದು ಬೈಯತೊಡಗಿದ್ದರು. ನಾನು ಹುಟ್ಟು ಎಳೆದೆ.